ಡ್ರಾಫ್ಟಿಗೆ ಮುನ್ನ ಸೋದರಳಿಯನಿಗೆ

ಚಿರಂಜೀವಿ ಪ್ರಣವನಿಗೆ ಒಟ್ಟಾವಾದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಈ ಸೀಸನ್‌ನಲ್ಲಿ ನೀನು ಆಡುತ್ತಿರುವ ಐಸ್ ಹಾಕಿ ಆಟದ ಸುದ್ದಿಯನ್ನು ನಿನ್ನ ತಾಯಿ ವಾರವಾರವೂ ಫೋನಿನಲ್ಲಿ ಹೇಳುತ್ತಿದ್ದಾಳೆ. ನಿನ್ನ ಹೆಸರು ಬರೆದ ರಟ್ಟಿನ ಫಲಕ ಹಿಡಿದು ರಿಂಕಿನ ಗಾಜಿನ ಪಕ್ಕ ನಿಲ್ಲುವ ಮಕ್ಕಳಿದ್ದಾರೆಂದೂ, ದೊಡ್ಡ ವೃತ್ತಿ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಬರುವ ಜೂನ್‌ನ ಡ್ರಾಫ್ಟಿನಲ್ಲಿ ನೀನು ಯಾವ ಸುತ್ತಿನಲ್ಲಿ ಆಯ್ಕೆಯಾಗುವೆಯೆಂದು ಊರಿನವರು ಈಗಲೇ ವಾದಿಸುತ್ತಿದ್ದಾರೆಂದೂ ತಿಳಿದು ನನಗೂ ನಿನ್ನ ಅತ್ತೆಗೂ ಬಹಳ ಸಂತೋಷವಾಯಿತು. ಆದರೆ ಹೋದ ಭಾನುವಾರ ಅವಳು ಹೇಳಿದ ಇನ್ನೊಂದು ಮಾತು ಅಂಥದ್ದಲ್ಲ. ಆಟಕ್ಕೆ ಅಡ್ಡಿಯಾಗುತ್ತದೆಂದು ಹನ್ನೆರಡನೆಯ ತರಗತಿಯ ಗಣಿತವನ್ನು ಕೈಬಿಡಲು ನೀನು ಹೊರಟಿದ್ದೀಯಂತೆ. ಆ ವಿಷಯಕ್ಕೆ ಕಡೆಯಲ್ಲಿ ಬರುತ್ತೇನೆ; ಅದಕ್ಕಿಂತ ಮುಂಚೆ ಈ ಜನರ ಪ್ರೀತಿಯನ್ನು ಕುರಿತು ಕೆಲವು ಮಾತು ಹೇಳಬೇಕಾಗಿದೆ. ಅರ್ಥವಾಗದ ಕಡೆ ನಿನ್ನ ತಾಯಿಯನ್ನು ಕೇಳಿ ತಿಳಿದುಕೋ, ಆದರೆ ಪೂರ್ತಿ ಓದು.

1934ರಲ್ಲಿ ಹಳೆಯ ಸೆನೆಟರ್ಸ್ ತಂಡ ಊರು ಬಿಟ್ಟ ಮೇಲೆ ಒಟ್ಟಾವಾಕ್ಕೆ ಮತ್ತೆ ಎನ್‌ಎಚ್‌ಎಲ್ ತಂಡ ದೊರೆತದ್ದು 1992ರಲ್ಲಿ. ಮೊದಲ ಸೀಸನ್‌ನ 84 ಪಂದ್ಯಗಳಲ್ಲಿ ಹೊಸ ಸೆನೆಟರ್ಸ್ ಗೆದ್ದದ್ದು 10, ಸೋತದ್ದು 70. ಲ್ಯಾನ್ಸ್‌ಡೌನ್ ಪಾರ್ಕಿನ ಸಿವಿಕ್ ಸೆಂಟರ್‌ನಲ್ಲಿ ಚಳಿಗಾಲವಿಡೀ ಕುಳಿತು ಸೋಲನ್ನೇ ನೋಡಿದ ಊರಿಗೆ 1993ರ ಜೂನ್‌ನಲ್ಲಿ ಮೊದಲ ಆಯ್ಕೆಯ ಹಕ್ಕು ಸಿಕ್ಕಿತು, ಆ ಹಕ್ಕಿನಿಂದ ಅಲೆಕ್ಸಾಂದ್ರ್ ಡೇಗ್ಲ್ ಸಿಕ್ಕಿದ. ಕ್ವಿಬೆಕ್‌ನ ಲಾವಾಲ್‌ನವನು, ಹದಿನೆಂಟು ವರ್ಷದವನು, ವಿಕ್ಟೋರಿಯಾವಿಲ್ ಜೂನಿಯರ್ ತಂಡಕ್ಕೆ ಹಿಂದಿನ ಸೀಸನ್‌ನಲ್ಲಿ 53 ಪಂದ್ಯಗಳಲ್ಲಿ 137 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಅಸಿಸ್ಟ್ ಎರಡೂ ಸೇರಿ) ಗಳಿಸಿದ್ದವನು. ಮಿಂಚಿನಂಥ ಸ್ಕೇಟಿಂಗ್, ಚೆಲುವಾದ ಮುಖ. ನದಿಯ ಈಚೆಗೆ ಇಂಗ್ಲಿಷ್, ಆಚೆಗೆ ಫ್ರೆಂಚ್ ಆಡುವ ಈ ಊರಿಗೆ ಎರಡು ಕಡೆಯವರೂ ನಮ್ಮವನೆನ್ನಬಹುದಾದ ಹುಡುಗ. ಒಂದೇ ಒಂದು ಎನ್‌ಎಚ್‌ಎಲ್ ಪಂದ್ಯವನ್ನೂ ಆಡದ ಅವನಿಗೆ ಐದು ವರ್ಷಕ್ಕೆ 1 ಕೋಟಿ 22 ಲಕ್ಷ 50 ಸಾವಿರ ಡಾಲರಿನ ಒಪ್ಪಂದ ಬರೆದುಕೊಟ್ಟರು. ಉಳಿದ ತಂಡಗಳು ಇದರಿಂದ ಎಷ್ಟು ಕಂಗಾಲಾದುವೆಂದರೆ, 1995ರ ಕಾರ್ಮಿಕ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಮಿತಿಯನ್ನೇ ಹಾಕಿಬಿಟ್ಟರು. ನಾಳೆ ನಿನ್ನ ಮೊದಲ ಒಪ್ಪಂದಕ್ಕೆ ಬರುವ ಮಿತಿಗೂ ಮೂಲ ಅದೇ.

ಡ್ರಾಫ್ಟಿನ ಹೊತ್ತಿನಲ್ಲಿ ಆ ಹುಡುಗ ಆಡಿದ ಒಂದು ಮಾತನ್ನು ಕೆನಡಾ ಇನ್ನೂ ಮರೆತಿಲ್ಲ. ಮೊದಲನೆಯವನಾಗಿ ಆಯ್ಕೆಯಾದದ್ದು ಒಳ್ಳೆಯದಾಯಿತು, ಎರಡನೆಯವನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬರ್ಥದ ಮಾತು. ಆ ಎರಡನೆಯವನು ಕ್ರಿಸ್ ಪ್ರಾಂಗರ್. 2000ದಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನೂ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನೂ ಒಟ್ಟಿಗೆ ಗೆದ್ದ ಪ್ರಾಂಗರ್, 2007ರಲ್ಲಿ ಅನಾಹೈಮ್ ತಂಡದ ಜೊತೆ ಲೀಗಿನ ಚಾಂಪಿಯನ್ನರ ಸ್ಟಾನ್ಲಿ ಕಪ್ ಎತ್ತಿದ್ದು ಫೈನಲ್‌ನಲ್ಲಿ ನಮ್ಮ ಒಟ್ಟಾವಾ ತಂಡವನ್ನೇ ಸೋಲಿಸಿ.

ಡೇಗ್ಲ್ ಆಟ ಬರದವರಾಗಿದ್ದರೆಂದು ನೀನು ತಿಳಿಯಬಾರದು. ಮೊದಲ ಸೀಸನ್‌ನಲ್ಲಿಯೇ 20 ಗೋಲು, 51 ಪಾಯಿಂಟ್. ಯಾವ ಹೊಸಬನಿಗೂ ಅದು ಮರ್ಯಾದೆಯ ಲೆಕ್ಕವೇ. ಆದರೆ ಜನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಡೇಗ್ಲ್‌ಗೆ ಆ 51 ಸಾಲಲಿಲ್ಲ. 1998ರ ಜನವರಿಯಲ್ಲಿ ಅವರನ್ನು ಫಿಲಡೆಲ್ಫಿಯಾಕ್ಕೆ ಕಳುಹಿಸಿದರು. ಆಮೇಲೆ ತಂಡದಿಂದ ತಂಡಕ್ಕೆ, ನಡುವೆ ಆಟವನ್ನೇ ಬಿಟ್ಟು ದೂರವಿದ್ದ ಕಾಲ, ಮತ್ತೆ ಬಂದು 2003–04ರಲ್ಲಿ ಮಿನೆಸೋಟಾ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿಕೊಟ್ಟ ಒಂದು ಸೀಸನ್, ಕಡೆಗೆ ಸ್ವಿಟ್ಜರ್ಲೆಂಡ್. ಒಟ್ಟು 616 ಎನ್‌ಎಚ್‌ಎಲ್ ಪಂದ್ಯ, 327 ಪಾಯಿಂಟ್. ಬೇರೆ ಯಾರದ್ದಾದರೂ ಆಗಿದ್ದರೆ ಇದನ್ನು ನೆಮ್ಮದಿಯ ವೃತ್ತಿಜೀವನವೆನ್ನುತ್ತಿದ್ದರು. ಡ್ರಾಫ್ಟಿನ ಅತಿ ದೊಡ್ಡ ಸೋಲುಗಳ ಪಟ್ಟಿ ಮಾಡುವವರು ಇಂದಿಗೂ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ, ಆ ಮಾತಿನ ಜಂಬವನ್ನು ಲೆಕ್ಕಕ್ಕೆ ಹಿಡಿದರೂ ಕೂಡ.

ಅದೇ ಸಿವಿಕ್ ಸೆಂಟರ್‌ನಲ್ಲಿ ಹತ್ತು ವರ್ಷಗಳ ತರುವಾಯ ಕೋರಿ ಲಾಕ್ ಆಡುತ್ತಿದ್ದರು. ನೀನು ಈಗ ಆಡುವ ಒಂಟಾರಿಯೊದ ಜೂನಿಯರ್ ಲೀಗು ಓಎಚ್‌ಎಲ್‌ನಲ್ಲಿಯೇ, ಒಟ್ಟಾವಾ 67ಸ್ ತಂಡದಲ್ಲಿ. 2002–03ರಲ್ಲಿ 66 ಪಂದ್ಯಗಳಲ್ಲಿ 63 ಗೋಲು, 88 ಅಸಿಸ್ಟ್, ಒಟ್ಟು 151 ಪಾಯಿಂಟ್. ಆ ವರ್ಷ ಕೆನಡಾದ ಮೂರೂ ದೊಡ್ಡ ಜೂನಿಯರ್ ಲೀಗುಗಳಿಗೆ ಸೇರಿ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಅವರದಾಯಿತು. ನಾವು ಅವರಿಗಾಗಿಯೇ ಟಿಕೆಟು ಕೊಳ್ಳುತ್ತಿದ್ದೆವು. ಪಕ್ ಎಂಬ ಆ ರಬ್ಬರ್ ಬಿಲ್ಲೆ ಅವರ ಸ್ಟಿಕ್ಕಿಗೆ ಬಂದೊಡನೆ ಇಡೀ ಸಭಾಂಗಣ ಎದ್ದು ನಿಲ್ಲುತ್ತಿತ್ತು. ಅದೇ ಬೇಸಿಗೆಯ ಡ್ರಾಫ್ಟಿನಲ್ಲಿ ಮಾಂಟ್ರಿಯಲ್ ತಂಡ ಅವರನ್ನು ಆರಿಸಿದ್ದು 113ನೆಯವರಾಗಿ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಮುಂದೆ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ದುಡಿದರು, 2010–11ರಲ್ಲಿ ಅಲ್ಲಿಯೂ ಅತ್ಯುತ್ತಮ ಆಟಗಾರನ ಪ್ರಶಸ್ತಿ ಪಡೆದರು. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಮೂರು ತಂಡಗಳಿಗೆ ಒಟ್ಟು 9 ಪಂದ್ಯ. ಗೋಲು ಒಂದೂ ಇಲ್ಲ, ಅಸಿಸ್ಟ್ ಒಂದು.

151 ಪಾಯಿಂಟ್ ಗಳಿಸಿದವನಿಗೆ 9 ಪಂದ್ಯ ಹೇಗೆ ಎಂದು ನೀನು ಕೇಳಬಹುದು. ನಿನಗೆ ಉಪಯೋಗಕ್ಕೆ ಬರುವ ಸಂಗತಿಯಾದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಜೂನಿಯರ್ ಲೀಗಿನಲ್ಲಿ ಹತ್ತೊಂಬತ್ತು ವರ್ಷದವನ ಎದುರಿಗೆ ಹದಿನಾರರ ಹುಡುಗರೂ ಇರುತ್ತಾರೆ, ಜಾಣ ಕೈಗೆ ಬೇಕಾದಷ್ಟು ಜಾಗವೂ ಸಮಯವೂ ಸಿಗುತ್ತದೆ, ತಂಡದ ಅತ್ಯುತ್ತಮ ಆಟಗಾರನಿಗೆ ಮೊದಲ ಲೈನೂ (ಒಟ್ಟಿಗೆ ಆಡುವ ಮೂವರು ಫಾರ್ವರ್ಡ್‌ಗಳ ಗುಂಪು), ಪೆನಾಲ್ಟಿಯಿಂದ ಎದುರಾಳಿಗೆ ಒಬ್ಬ ಕಡಿಮೆಯಿರುವ ಹೊತ್ತಿನ ಪವರ್ ಪ್ಲೇಯೂ ಕೇಳದೆಯೇ ದೊರೆಯುತ್ತವೆ. ಎನ್‌ಎಚ್‌ಎಲ್ ತಂಡವೊಂದು ಒಂದು ರಾತ್ರಿಗೆ ಹನ್ನೆರಡು ಫಾರ್ವರ್ಡ್‌ಗಳನ್ನು ಕಣಕ್ಕಿಳಿಸುತ್ತದೆ. ಅವರಲ್ಲಿ ಗೋಲು ಹೊಡೆಯುವುದಕ್ಕೆಂದೇ ಇಟ್ಟುಕೊಳ್ಳುವುದು ಮೊದಲ ಎರಡು ಲೈನಿನ ಆರು ಜನರನ್ನು. ಆ ಆರು ಸ್ಥಾನಗಳಲ್ಲಿ ಅನುಭವಿಗಳು ಆಗಲೇ ಕುಳಿತಿರುತ್ತಾರೆ. ಖಾಲಿಯಾಗುವುದು ಮೂರನೆಯ ಮತ್ತು ನಾಲ್ಕನೆಯ ಲೈನಿನ ಜಾಗಗಳು, ಅಲ್ಲಿ ಬೇಕಾದದ್ದು ಎದುರಾಳಿಯನ್ನು ಗೋಡೆಗೆ ಒತ್ತಿ ಪಕ್ ಕಸಿಯುವವನು, ಹೊಡೆತಕ್ಕೆ ಮೈಯೊಡ್ಡಿ ತಡೆಯುವವನು, ಪೆನಾಲ್ಟಿಯ ಹೊತ್ತಿನಲ್ಲಿ ನಾಲ್ವರೇ ನಿಂತು ಎರಡು ನಿಮಿಷ ಕಾಯುವವನು. ಗೋಲು ಹೊಡೆಯುವುದೊಂದನ್ನೇ ಬಲ್ಲ ಸಣ್ಣ ಮೈಯ ಹುಡುಗನಿಗೆ ಕೋಚ್ ಆ ಜಾಗವನ್ನು ಕೊಡುವುದಿಲ್ಲ. ಆದ್ದರಿಂದ ಆರರಲ್ಲಿ ಒಬ್ಬನಾಗದವನು ಹನ್ನೆರಡರಲ್ಲಿಯೂ ಇರುವುದಿಲ್ಲ.

ಲಾಕ್ ಅವರ ಕೋಚ್ ಆಗಿದ್ದ ಬ್ರಯನ್ ಕಿಲ್ರೀ ಅವರ ಹೆಸರನ್ನು ನೀನು ಕೇಳಿರಲೇಬೇಕು. 1967ರಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಇತಿಹಾಸದ ಮೊದಲ ಗೋಲು ಹೊಡೆದವರು ಅವರು. ಹಾಗಿದ್ದೂ ಆಟಗಾರನಾಗಿ ಅವರಿಗೆ ದಕ್ಕಿದ್ದು 26 ಎನ್‌ಎಚ್‌ಎಲ್ ಪಂದ್ಯಗಳು ಮಾತ್ರ. ಆಮೇಲೆ ಜೂನಿಯರ್ ಹುಡುಗರಿಗೆ ಕಲಿಸುತ್ತ 1,193 ಪಂದ್ಯ ಗೆದ್ದು 2003ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಅವರನ್ನು ಸೋತ ಆಟಗಾರನೆಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ಟೊರಾಂಟೊ ಮೇಪಲ್ ಲೀಫ್ಸ್ ತಂಡ ಡ್ರಾಫ್ಟಿನಲ್ಲಿ ಆರಿಸಿಕೊಂಡಿದ್ದ ಜಸ್ಟಿನ್ ಪಾಗ್ ಅವರದು ಇನ್ನೊಂದು ಬಗೆ. 2006ರ ವಿಶ್ವ ಜೂನಿಯರ್ ಟೂರ್ನಿಯ ಫೈನಲ್‌ನಲ್ಲಿ, ವ್ಯಾಂಕೂವರ್‌ನಲ್ಲಿ, ರಷ್ಯಕ್ಕೆ ಒಂದು ಗೋಲನ್ನೂ ಬಿಡದೆ ಕೆನಡಾಕ್ಕೆ ಚಿನ್ನ ಗೆದ್ದುಕೊಟ್ಟ ಗೋಲ್‌ಕೀಪರ್. ಅಷ್ಟು ಸಾಕಾಯಿತು, ಮುಂದಿನ ಹದಿನೈದು ವರ್ಷಕ್ಕೆ ಗೋಲಿನ ಚಿಂತೆಯಿಲ್ಲವೆಂದು ಟೊರಾಂಟೊ ಅಭಿಮಾನಿಗಳು ನಂಬಿದರು. ಆ ಜೂನ್‌ನಲ್ಲಿಯೇ ಮೇಪಲ್ ಲೀಫ್ಸ್ ಆಡಳಿತ ತನ್ನ ಬಳಿಯಿದ್ದ ಇನ್ನೊಬ್ಬ ಎಳೆಯ ಗೋಲ್‌ಕೀಪರ್, ಫಿನ್ಲೆಂಡಿನ ಟೂಕ ರಾಸ್ಕ್ ಅವರನ್ನು ಬಾಸ್ಟನ್ನಿಗೆ ಕೊಟ್ಟುಬಿಟ್ಟಿತು. ರಾಸ್ಕ್ 2014ರಲ್ಲಿ ಲೀಗಿನ ಅತ್ಯುತ್ತಮ ಗೋಲ್‌ಕೀಪರ್ ಆದರು. ಪಾಗ್ ಎನ್‌ಎಚ್‌ಎಲ್‌ನಲ್ಲಿ 7 ಪಂದ್ಯ ಆಡಿ, ಮುಂದೆ ಇಟಲಿ, ಸ್ವೀಡನ್, ಜರ್ಮನಿಗಳಲ್ಲಿ ಬಹುಕಾಲ ಗೌರವದಿಂದ ವೃತ್ತಿ ನಡೆಸಿದರು. ರಾಸ್ಕ್ ಅವರನ್ನು ಕೊಟ್ಟದ್ದು ಪಾಗ್ ಅವರ ತಪ್ಪಲ್ಲ. ಆದರೂ ಆ ವ್ಯಾಪಾರದ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಇನ್ನೂ ದೊಡ್ಡ ಲೀಗಿಗೆ ಬಾರದ ಹುಡುಗನನ್ನು ಜನ ಅಷ್ಟು ಪ್ರೀತಿಸುವುದು ಅವನು ಇನ್ನೂ ಯಾವ ಪಂದ್ಯವನ್ನೂ ಸೋಲದಿರುವುದರಿಂದ. ಡ್ರಾಫ್ಟಿನ ನಿಯಮವೇ ಸೋತ ತಂಡಕ್ಕೆ ಮೊದಲು ಆರಿಸುವ ಅನುಕೂಲವನ್ನು ಕೊಡುವುದರಿಂದ, ಎಲ್ಲರಿಗಿಂತ ಹೆಚ್ಚು ಹಸಿದ ಊರಿಗೆ, ಎಲ್ಲರಿಗಿಂತ ಕಡಿಮೆ ಆಸರೆಯಿರುವ ತಂಡಕ್ಕೆ ಎಲ್ಲರಿಗಿಂತ ಎಳೆಯ ಹುಡುಗ ಹೋಗಿ ಬೀಳುತ್ತಾನೆ. ನಮ್ಮ ಕಡೆ ಹತ್ತನೆಯ ತರಗತಿಯಲ್ಲಿ ರ‍್ಯಾಂಕ್ ಬಂದ ಹುಡುಗನ ಫೋಟೋವನ್ನು ಪತ್ರಿಕೆಯಲ್ಲಿ ಹಾಕಿ, ಹಾರ ಹಾಕಿ, ಮುಂದೆ ಅವನು ಸಾಧಾರಣ ನೌಕರಿಯಲ್ಲಿದ್ದರೆ ಇಡೀ ಊರೇ ಮೋಸಹೋದಂತೆ ಮಾತನಾಡುತ್ತಾರಲ್ಲ, ಇದೂ ಅದೇ ಜಾತಿಯದು. ಆ ಪ್ರೀತಿ ಸುಳ್ಳಲ್ಲ, ನಾನೂ ಸಿವಿಕ್ ಸೆಂಟರ್‌ನಲ್ಲಿ ಗಂಟಲು ಹರಿದುಕೊಂಡವನೇ. ಆದರೆ ಅದರಲ್ಲಿ ಮುಕ್ಕಾಲು ಪಾಲು ನಮ್ಮ ಸ್ವಂತ ಆಸೆಯಾಗಿತ್ತು, ಆ ಹುಡುಗರ ಆಟದ ತೂಕವನ್ನು ಅದರಿಂದ ಅಳೆಯಲು ಬರುತ್ತಿರಲಿಲ್ಲ. ಆದ್ದರಿಂದ ಫಲಕ ಹಿಡಿದ ಮಗುವಿಗೆ ನಿಂತು ಸಹಿ ಹಾಕಿಕೊಡು, ಹಿರಿಯರು ಕೈಕುಲುಕಿದರೆ ವಿನಯದಿಂದ ಮಾತನಾಡು, ಆದರೆ ರಾತ್ರಿ ಮೊಬೈಲಿನಲ್ಲಿ ನಿನ್ನ ಹೆಸರನ್ನೇ ಹುಡುಕಿ ಓದುತ್ತ ಕೂರಬೇಡ. ಇನ್ನೊಬ್ಬ ಆಟಗಾರನ ಜೊತೆ ಹೋಲಿಸಿ ಪತ್ರಕರ್ತರು ಪ್ರಶ್ನೆ ಕೇಳಿದರೆ ಆ ಇನ್ನೊಬ್ಬನನ್ನು ಹೊಗಳಿ ಮುಗಿಸು.

ಆಟದ ವಿಷಯದಲ್ಲಿ ನನ್ನದು ಒಂದೇ ಕೋರಿಕೆ. ಪೆನಾಲ್ಟಿಯ ಹೊತ್ತಿನಲ್ಲಿ ನಾಲ್ವರೇ ನಿಂತು ಕಾಯುವ ಆ ಪೆನಾಲ್ಟಿ ಕಿಲ್‌ಗೆ ನನ್ನನ್ನು ಇಳಿಸಿ ಎಂದು ಕೋಚ್ ಬಳಿ ನೀನಾಗಿಯೇ ಕೇಳು. ಅದರಿಂದ ಈ ವರ್ಷ ನಿನ್ನ ಗೋಲು ನಾಲ್ಕೈದು ಕಡಿಮೆಯಾಗಬಹುದು, ಅಭಿಮಾನಿಗಳು ಗೊಣಗಲೂಬಹುದು. ಆದರೆ ಸ್ಕೌಟ್‌ಗಳು ಆರನೆಯ ಸ್ಥಾನಕ್ಕಷ್ಟೇ ಅಲ್ಲ, ಹನ್ನೆರಡನೆಯ ಸ್ಥಾನಕ್ಕೂ ಹುಡುಗರನ್ನು ಹುಡುಕುತ್ತಿರುತ್ತಾರೆ.

ಇನ್ನು ಗಣಿತ. ಓಎಚ್‌ಎಲ್‌ನಲ್ಲಿ ಆಡಿದ ಒಂದೊಂದು ಸೀಸನ್‌ಗೂ ಒಂದೊಂದು ವರ್ಷದ ಕಾಲೇಜು ಓದಿನ ನೆರವು ನಿನಗೆ ಸಲ್ಲುತ್ತದೆ. ಎಂದರೆ ಎರಡು ಸೀಸನ್‌ಗೆ ಎರಡು ವರ್ಷದ ಶುಲ್ಕವನ್ನು ನೀನು ನಿನ್ನ ಕಾಲಿನಿಂದಲೇ ಸಂಪಾದಿಸಿಕೊಂಡ ಹಾಗೆ. ಅದಲ್ಲದೆ, ಲಾಕ್ ಅವರ ಕಾಲದಲ್ಲಿ ಕೆನಡಾದ ಈ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೆ ಅಮೆರಿಕದ ವಿಶ್ವವಿದ್ಯಾಲಯ ಹಾಕಿಯ ಬಾಗಿಲು ಮುಚ್ಚಿತ್ತು. 2024ರ ನವೆಂಬರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಆ ನಿಯಮವನ್ನು ಬದಲಿಸಿತು, 2025ರ ಆಗಸ್ಟ್‌ನಿಂದ ಬಾಗಿಲು ತೆರೆದಿದೆ. ಮೈ ಬಲಿಯಲು ಇನ್ನೂ ಎರಡು ಮೂರು ವರ್ಷ ಬೇಕಾದ ನಿನ್ನಂಥವನಿಗೆ ಆ ದಾರಿ ದೊಡ್ಡ ಅನುಕೂಲ, ಆದರೆ ಆ ಪ್ರವೇಶಕ್ಕೆ ಹೈಸ್ಕೂಲಿನ ಮುಖ್ಯ ವಿಷಯಗಳ ಲೆಕ್ಕ ಕೇಳುತ್ತಾರೆ, ಅದರಲ್ಲಿ ಗಣಿತವೂ ಇದೆ. ಬಸ್ಸಿನ ಪ್ರಯಾಣದಲ್ಲಿ ಪಾಠ ತಪ್ಪುವುದೇ ತೊಂದರೆಯಾದರೆ ನಿನ್ನ ಅತ್ತೆ ವಾರಕ್ಕೆ ಎರಡು ಸಂಜೆ ವಿಡಿಯೊ ಕರೆಯಲ್ಲಿ ಕಲಿಸಲು ಸಿದ್ಧಳಿದ್ದಾಳೆ. ಅವಳು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದವಳು, ನನಗಿಂತ ತಾಳ್ಮೆಯವಳು.

ಸೋಮವಾರ ಶಾಲೆಯ ಸಲಹೆಗಾರರನ್ನು ಕಂಡು ಗಣಿತವನ್ನು ಬಿಡುವುದಿಲ್ಲವೆಂದು ತಿಳಿಸು. ಶಿಕ್ಷಣ ನೆರವಿನ ಕರಾರನ್ನು ತಂಡದವರಿಂದ ಬರಹದಲ್ಲಿ ತರಿಸಿ, ವೃತ್ತಿ ಒಪ್ಪಂದಕ್ಕೆ ಸಹಿ ಹಾಕಿದರೆ ಆ ನೆರವು ಏನಾಗುತ್ತದೆಂಬ ಕಲಮನ್ನು ನಿನ್ನ ತಂದೆಯ ಜೊತೆ ಕುಳಿತು ಓದಿ, ಒಂದು ಪ್ರತಿಯನ್ನು ನನಗೂ ಕಳುಹಿಸು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ