ಬಸವನಹುಳುವಿನ ನೆನಪು, ಡಬ್ಬಿಯ ಪುಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೆನಪಿನ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಒಂದು ಬಸವನಹುಳುವಿನ ನೆನಪನ್ನು ಇಂಜೆಕ್ಷನ್ ಮೂಲಕ ಇನ್ನೊಂದಕ್ಕೆ ದಾಟಿಸಿದ್ದಾರೆ, ಮುಂದೊಂದು ದಿನ ಮಕ್ಕಳಿಗೆ ಪಾಠವನ್ನೂ ಹೀಗೇ ಚುಚ್ಚಬಹುದು ಎಂದು ಅದರಲ್ಲಿತ್ತು. ಮೊದಲ ಮಾತು ಹೆಚ್ಚುಕಡಿಮೆ ಸರಿ. ಎರಡನೆಯದು ಆ ಪ್ರಯೋಗದಲ್ಲಿ ಎಲ್ಲೂ ಇಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು ನಾನು, ಸುಮ್ನೆ ಕೂರಲು ಆಗಲಿಲ್ಲ.

ಇನ್ನೊಂದು ಕಾರಣವೂ ಇದೆ. ಕಳೆದ ತಿಂಗಳು ಮೊಮ್ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ಅವಳು ಈ ಸಲ ಎಸ್ಸೆಸ್ಸೆಲ್ಸಿ. ಸಭೆ ಮುಗಿಯುವ ಹೊತ್ತಿಗೆ ಟೈ ಕಟ್ಟಿದ ಒಬ್ಬರು ಎದ್ದು ನಿಂತು, ನೆನಪಿನ ಶಕ್ತಿ ಹೆಚ್ಚಿಸುವ ಪುಡಿಯ ಡಬ್ಬಿ ತೋರಿಸಿದರು. ಬೆಲೆ 1,200 ರೂಪಾಯಿ. "ಇದರಲ್ಲಿ ಆರ್‌ಎನ್‌ಎ ಇದೆ, ನೆನಪು ಇರೋದೇ ಆರ್‌ಎನ್‌ಎಯಲ್ಲಿ ಅಂತ ಫಾರಿನ್‌ನಲ್ಲಿ ಸಾಬೀತಾಗಿದೆ" ಎಂದರು. ಆರ್‌ಎನ್‌ಎ ಅಂದರೆ ಜೀವಕೋಶದೊಳಗೆ ಜೀನ್‌ಗಳ ಸೂಚನೆ ಹೊತ್ತೊಯ್ಯುವ ಅಣು. ನನ್ನ ಪಕ್ಕ ಕೂತಿದ್ದವರು ಕಾಫಿ ತೋಟಕ್ಕೆ ಕೂಲಿಗೆ ಹೋಗುವ ತಾಯಿ. "ಕಂತಲ್ಲಿ ಕೊಡಬಹುದಾ ಸಾರ್?" ಎಂದು ನನ್ನನ್ನೇ ಕೇಳಿದರು, ಮಾರುವವನು ನಾನೇ ಅನ್ನೋ ಹಾಗೆ.

ಲೇಖನದಲ್ಲಿ ಹೇಳಿದ ಪ್ರಯೋಗ 2018ರದ್ದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗ್ಲಾಂಜ್‌ಮನ್ ಮತ್ತು ಅವರ ತಂಡ ಮಾಡಿದ್ದು. ಬಳಸಿದ್ದು ಅಪ್ಲೀಸಿಯಾ ಎಂಬ ಕಡಲ ಜೀವಿಯನ್ನು, ನಮ್ಮ ಬಸವನಹುಳುವಿನ ದೂರದ ನೆಂಟ. ಅದರ ಬಾಲಕ್ಕೆ ಸಣ್ಣ ಕರೆಂಟ್ ಶಾಕ್ ಕೊಟ್ಟರು. ಆಮೇಲೆ ಮೆಲ್ಲಗೆ ಮುಟ್ಟಿದರೂ ಅವು ಸರಾಸರಿ 50 ಸೆಕೆಂಡ್ ಮುದುಡಿಕೊಂಡವು. ಶಾಕ್ ತಿನ್ನದವು ಸುಮಾರು ಒಂದು ಸೆಕೆಂಡ್ ಅಷ್ಟೇ. ಶಾಕ್ ತಿಂದವುಗಳ ನರಮಂಡಲದಿಂದ ಆರ್‌ಎನ್‌ಎ ತೆಗೆದು ಬೇರೆಯವಕ್ಕೆ ಚುಚ್ಚಿದಾಗ, ಅವೂ ಸುಮಾರು 40 ಸೆಕೆಂಡ್ ಮುದುಡಿದವು. ಶಾಕ್ ತಿನ್ನದವುಗಳ ಆರ್‌ಎನ್‌ಎ ಚುಚ್ಚಿದಾಗ ಹಾಗಾಗಲಿಲ್ಲ.

ದೊಡ್ಡ ವಿಷಯವೇ. ಆದರೆ ದಾಟಿದ್ದು ಬೆಚ್ಚುವ ಗುಣ. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡರೂ ಹಾರುತ್ತಾನಲ್ಲ, ಆ ಹಾರುವುದು ದಾಟಿತು. ಹಾವಿನ ಕತೆ ದಾಟಿತೆಂದು ಯಾರೂ ತೋರಿಸಿಲ್ಲ. ಜಾಸ್ತಿ ವಿಜ್ಞಾನಿಗಳು ಇವತ್ತಿಗೂ ನೆನಪು ಇರುವುದು ನರಕೋಶಗಳು ಒಂದಕ್ಕೊಂದು ಸೇರುವ ಜಾಗದಲ್ಲಿ ಎನ್ನುತ್ತಾರೆ.

ಮಳೆಗಾಲದಲ್ಲಿ ನಾನು ತೋಟದ ಬಸವನಹುಳುವನ್ನು ಕ್ಲಾಸಿಗೆ ತರಿಸುತ್ತಿದ್ದೆ. ಪೊರಕೆಕಡ್ಡಿಯಿಂದ ಕೋಡು ಮುಟ್ಟಿದರೆ ಸರಕ್ಕನೆ ಒಳಗೆ. ಹೊರಗೆ ಬಂದ ಮೇಲೆ ಮತ್ತೆ ಮುಟ್ಟಬೇಕು. ಹತ್ತು ಹನ್ನೆರಡು ಸಲ ಆದ ಮೇಲೆ ಕೋಡು ಅರ್ಧಕ್ಕೇ ನಿಲ್ಲುತ್ತಿತ್ತು, ಆಮೇಲೆ ಅಲುಗುತ್ತಲೇ ಇರಲಿಲ್ಲ. "ಸಾರ್, ಅದಕ್ಕೆ ನಾವು ಬೋರಾದ್ವಿ" ಎಂದ ಒಬ್ಬ ಹುಡುಗ. ಸರಿಯಾಗೇ ಹೇಳಿದ. ಅಮೆರಿಕದ ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅಪ್ಲೀಸಿಯಾದಲ್ಲಿ ಇಂಥದ್ದನ್ನೇ ವರ್ಷಗಟ್ಟಲೆ ನೋಡಿದರು. ಅದಕ್ಕಿರುವುದು ಸುಮಾರು 20,000 ನರಕೋಶ ಮಾತ್ರ. ಗಳಿಗೆಯ ನೆನಪಿಗೆ ನರಕೋಶಗಳ ನಡುವೆ ಈಗಾಗಲೇ ಇರುವ ಕೊಂಡಿಯೇ ಸ್ವಲ್ಪ ಬಿಗಿಯಾದರೆ ಅಥವಾ ಸಡಿಲವಾದರೆ ಸಾಕು, ಬಹಳ ದಿನ ಉಳಿಯಬೇಕಾದರೆ ಕೋಶದ ಜೀನ್‌ಗಳು ಕೆಲಸಕ್ಕಿಳಿದು ಹೊಸ ಪ್ರೋಟೀನ್ ತಯಾರಾಗಬೇಕು ಎಂದು ತೋರಿಸಿದರು. 2000ದಲ್ಲಿ ನೊಬೆಲ್ ಬಂತು.

ನನಗೆ ಇದಕ್ಕಿಂತ ರುಚಿಯಾದ ಪ್ರಶ್ನೆ, ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಎತ್ತಿದ್ದು. ನಮ್ಮ ಮೈಯ ಪ್ರೋಟೀನ್‌ಗಳು ದಿನಗಳಲ್ಲೋ ತಿಂಗಳುಗಳಲ್ಲೋ ಕರಗಿ ಹೊಸದು ಬರುತ್ತವೆ. ಹಾಗಿದ್ದರೆ ಒಂದನೇ ಕ್ಲಾಸಿನ ಮೇಷ್ಟ್ರ ಮುಖ ಎಪ್ಪತ್ತು ವರ್ಷ ಉಳಿಯುವುದು ಹೇಗೆ? ನಮ್ಮ ತೋಟ ನೋಡಿ. ಕಾಂಡಕೊರಕ ಬಿದ್ದ ಅರೇಬಿಕಾ ಗಿಡ ಕಿತ್ತು ಸುಡುತ್ತೇವೆ, ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತೇವೆ. ಅಪ್ಪ ನೆಟ್ಟ ಗಿಡ ಈಗ ಬೆರಳೆಣಿಕೆಯಷ್ಟೂ ಇಲ್ಲ, ಸಾಲು ಮಾತ್ರ ಅಪ್ಪ ಹಾಕಿದ್ದೇ. 2024ರಲ್ಲಿ ಬಂದ ಒಂದು ಸಂಶೋಧನೆ ಹೇಳುವುದೂ ಇದೇ ಥರ. ಪಿಕೆಎಂ ಜೀಟಾ ಎಂಬ ಪ್ರೋಟೀನ್ ಬರುತ್ತದೆ, ಹೋಗುತ್ತದೆ. ಕಿಬ್ರಾ ಎಂಬ ಇನ್ನೊಂದು ಅದನ್ನು ಬಲಗೊಂಡ ಕೊಂಡಿಯಲ್ಲೇ ಅಂಟಿಸಿ ಹಿಡಿಯುತ್ತದೆ. ಇಲಿಗಳಲ್ಲಿ ಕಂಡದ್ದು, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಪುಡಿ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಮೆಕಾನೆಲ್ ಎಂಬವರು ತರಬೇತಿ ಕೊಟ್ಟ ಚಪ್ಪಟೆ ಹುಳುಗಳನ್ನು ಚೂರು ಮಾಡಿ ಬೇರೆ ಹುಳುಗಳಿಗೆ ತಿನ್ನಿಸಿದರು. ತಿಂದವು ಬೇಗ ಕಲಿತವು ಎಂದರು. ದೊಡ್ಡ ಸುದ್ದಿಯಾಯಿತು. ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದಾಗ ನೆಚ್ಚಿಕೊಳ್ಳುವ ಹಾಗೆ ಫಲ ಸಿಗಲಿಲ್ಲ, ಕತೆ ಅಲ್ಲಿಗೇ ತಣ್ಣಗಾಯಿತು. ನಾವು ದಿನಾ ತಿನ್ನುವ ಬೇಳೆ, ಸೊಪ್ಪು, ಮೀನು ಎಲ್ಲದರಲ್ಲೂ ಆರ್‌ಎನ್‌ಎ ಇದೆ. ಕರುಳಿನಲ್ಲಿ ಅದು ಚೂರುಚೂರಾಗುತ್ತದೆ. ಮೀನು ತಿಂದು ಯಾರೂ ಈಜು ಕಲಿತಿಲ್ಲ, ಅಲ್ವಾ?

ಆ ತಾಯಿಗೆ ಬೇಡಮ್ಮ ಎಂದೆ. ಮಗಳು ರಾತ್ರಿ ಹನ್ನೆರಡರವರೆಗೆ ಓದುತ್ತಾಳಂತೆ. ಚೆನ್ನಾಗಿ ನಿದ್ದೆ ಮಾಡಲು ಬಿಡಿ, ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ ಎಂದೆ. ಟೈ ಕಟ್ಟಿದವರು ನನ್ನ ಕಡೆ ಒಂದು ನೋಟ ನೋಡಿದರು, ಇರಲಿ.

ಒಂದು ಸ್ಪಷ್ಟನೆ ಹಾಕಿ ಎಂದು ಕೇಳಲು ಇಷ್ಟೆಲ್ಲ ಬರೆದೆ. ಮೂಲೆಯಲ್ಲಿ ಬೇಡ. ಅದೇ ಪುರವಣಿಯ ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ಬರಲಿ. ಮುಂದಿನ ಸಭೆಗೆ ಆ ಮನುಷ್ಯ ನಿಮ್ಮ ಲೇಖನದ ಕಟಿಂಗ್ ಹಿಡಿದೇ ಬರುತ್ತಾರೆ. ನನ್ನ ಜೇಬಿನಲ್ಲೂ ಒಂದು ಕಟಿಂಗ್ ಇರಬೇಕು.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ