ಕಾಲೇಜ್ ಸ್ಪೋರ್ಟ್ಸ್ ಮಕ್ಕಳ ಅಪ್ಪ ಅಮ್ಮಂದಿರ ಗಮನಕ್ಕೆ
ಎಲ್ರಿಗೂ ನಮಸ್ಕಾರ, ಇಲ್ಲಿ ಅಮೆರಿಕದಲ್ಲಿ ಮಕ್ಳನ್ನ ಟೆನಿಸ್, ಸ್ವಿಮ್ಮಿಂಗ್ ಅಂತ ಕಾಲೇಜ್ ಟೀಮಿಗೆ ಸೇರ್ಸೋಕೆ ಓಡಾಡ್ತಿರೋರು ಒಂದ್ಸಲ ಓದ್ಕೊಳ್ಳಿ. ಕೋಚ್ ಬಂದು ನಮ್ಮ ಟೀಮಲ್ಲಿ ಇಷ್ಟು ಪರ್ಸೆಂಟ್ ಗ್ರಾಜುಯೇಟ್ ಆಗ್ತಾರೆ ಅಂದ್ರೆ ಯಾವ ಲೆಕ್ಕ ಸಾರ್ ಅಂತ ಕೇಳಿ, ಯಾಕಂದ್ರೆ ಎನ್‌ಸಿಎಎ (ಇಲ್ಲಿ ಕಾಲೇಜ್ ಸ್ಪೋರ್ಟ್ಸ್ ನಡೆಸೋ ಸಂಸ್ಥೆ) ಲೆಕ್ಕದಲ್ಲಿ ಮಾರ್ಕ್ಸ್ ಸರಿಯಾಗಿದ್ದು ಬೇರೆ ಕಾಲೇಜಿಗೆ ಹೋದೋರನ್ನ ಬಿಟ್ಬಿಡ್ತಾರೆ, ಸರ್ಕಾರದ ಲೆಕ್ಕದಲ್ಲಿ ಅವ್ರೂ ಡಿಗ್ರಿ ಮುಗಿಸ್ದೇ ಇರೋರೇ, ಹಂಗಾಗಿ ಮೊದಲನೇದು ಸಾಮಾನ್ಯವಾಗಿ ಚೆನ್ನಾಗಿ ಕಾಣತ್ತೆ. ಎರಡೂ ಲೆಕ್ಕದಲ್ಲಿ ಡಿಗ್ರಿ ಮುಗ್ಸೋಕೆ 6 ವರ್ಷ ಟೈಮ್ ಕೊಡ್ತಾರೆ! ಟೀಮಿನ ಎಪಿಆರ್ ಸ್ಕೋರೂ (ಆಟಗಾರರು ಓದಲ್ಲಿ ಸರಿಯಾಗಿದಾರಾ, ಕಾಲೇಜಲ್ಲೇ ಉಳಿದಿದಾರಾ ಅಂತ 1000ಕ್ಕೆ ಕೊಡೋ ಎನ್‌ಸಿಎಎ ಸ್ಕೋರು) ನೋಡಿ, 930ಕ್ಕಿಂತ ಕಮ್ಮಿ ಇದ್ರೆ ಟೂರ್ನಮೆಂಟ್ ಬ್ಯಾನ್ ಆಗ್ಬೋದು, ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಬ್ಯಾಸ್ಕೆಟ್‌ಬಾಲ್ ಹುಡುಗ್ರು 2013ರಲ್ಲಿ ಹಂಗೇ ಮನೇಲಿ ಕೂತ್ರು. ಡಿವಿಷನ್ ಒನ್‌ಗೆ (ಎನ್‌ಸಿಎಎ ಟಾಪ್ ಲೆವೆಲ್) ಹೈಸ್ಕೂಲಲ್ಲಿ 16 ಕೋರ್ ಕೋರ್ಸು (ಇಂಗ್ಲಿಷ್, ಮ್ಯಾಥ್ಸ್, ಸೈನ್ಸ್ ಥರದ ಮುಖ್ಯ ಸಬ್ಜೆಕ್ಟು), ಅವುಗಳಲ್ಲಿ 2.3 ಜಿಪಿಎ (4ಕ್ಕೆ ಸರಾಸರಿ ಗ್ರೇಡ್) ಬೇಕು, ಅದ್ರಲ್ಲಿ 10 ಕೋರ್ಸು 12ನೇ ಕ್ಲಾಸ್ ಶುರುವಾಗೋ ಮುಂಚೆನೇ ಮುಗೀಬೇಕು, ಆಮೇಲೆ ನೋಡೋಣ ಅನ್ಬೇಡಿ.