ಕೌಶಲದ ಅಂಕಗಳಿಗೆ ಇನ್ನು ಒಂದೇ ಬೆಲೆಪಟ್ಟಿ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಆಡುವ ನಮ್ಮ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ನಿಯಮ ಪುಸ್ತಕದ ಮುಂದಿನ ಮುದ್ರಣದಲ್ಲಿ, ಪಾತ್ರಗಳ ಕೌಶಲಗಳಿಗೆ ಅಂಕ ಖರ್ಚು ಮಾಡುವ ಕ್ರಮ ಬದಲಾಗುತ್ತಿದೆ. ಇದುವರೆಗೆ ಪಾತ್ರವನ್ನು ಕಟ್ಟುವಾಗ ಒಂದು ಬೆಲೆ, ಆಟ ಶುರುವಾದ ಮೇಲೆ ಇನ್ನೊಂದು ಬೆಲೆ ಇತ್ತು. ಇನ್ನು ಮುಂದೆ ಎರಡು ಕಡೆಯೂ ಒಂದೇ ಬೆಲೆ ಇರುತ್ತದೆ. ಬದಲಾವಣೆ ಚಿಕ್ಕದೆನಿಸಿದರೂ ಈಗಾಗಲೇ ಬಳಕೆಯಲ್ಲಿರುವ ನಿಮ್ಮ ಪಾತ್ರದ ಹಾಳೆಗಳನ್ನು (ಪಾತ್ರದ ಕೌಶಲಗಳನ್ನು ಬರೆದಿಡುವ ಪುಟಗಳನ್ನು) ಅದು ಮುಟ್ಟುವುದರಿಂದ, ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹಳೆಯ ನಿಯಮ ನಿಮಗೆ ಗೊತ್ತೇ ಇದೆ. ಆರಂಭದಲ್ಲಿ 20 ಅಂಕ ಸಿಗುತ್ತಿತ್ತು; ಯಾವ ಕೌಶಲವನ್ನಾದರೂ ಒಂದು ಮಟ್ಟ ಏರಿಸಲು ಒಂದೇ ಅಂಕ ಸಾಕಾಗುತ್ತಿತ್ತು. ಆಟದಲ್ಲಿ ಗಳಿಸಿದ ಅನುಭವದ ಅಂಕಗಳಿಗೆ ಮಾತ್ರ ಏರುವ ಬೆಲೆ: ಮೊದಲ ಮಟ್ಟಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು, ಐದನೆಯದಕ್ಕೆ ಐದು. ಗ್ರಾಹಕರೊಬ್ಬರು ತಮ್ಮ ತಂಡದ ಇಬ್ಬರು ಆಟಗಾರರ ಹಾಳೆಗಳನ್ನು ನಮಗೆ ಕಳುಹಿಸಿದ್ದರು. ಮೊದಲ ಆಟಗಾರರು ತಮ್ಮ 20 ಅಂಕಗಳನ್ನು ಕತ್ತಿವರಸೆ, ಬೀಗ ಬಿಡಿಸುವುದು ಮೊದಲಾದ ನಾಲ್ಕೇ ಕೌಶಲಗಳಿಗೆ ಹಾಕಿ, ನಾಲ್ಕನ್ನೂ ಐದನೆಯ ಮಟ್ಟಕ್ಕೆ ಒಯ್ದಿದ್ದರು. ಎರಡನೆಯವರು ಅದೇ ನಾಲ್ಕರ ಜೊತೆಗೆ ದೋಣಿ ನಡೆಸುವುದು, ಗಾಯಕ್ಕೆ ಕಟ್ಟು ಹಾಕುವುದು ಎಂದು ಇನ್ನೂ ಆರನ್ನು ಸೇರಿಸಿಕೊಂಡು, ಹತ್ತು ಕೌಶಲಗಳನ್ನೂ ಎರಡನೆಯ ಮಟ್ಟದಲ್ಲಿ ಇಟ್ಟುಕೊಂಡಿದ್ದರು. ಮೊದಲನೆಯವರು ಉಳಿದ ಆರನ್ನು ಎರಡನೆಯ ಮಟ್ಟಕ್ಕೆ ತರಲು ತಲಾ ಮೂರರಂತೆ 18 ಅನುಭವದ ಅಂಕ ಬೇಕು. ಎರಡನೆಯವರು ಆ ನಾಲ್ಕನ್ನು ಐದನೆಯ ಮಟ್ಟಕ್ಕೆ ಏರಿಸಲು ತಲಾ 12ರಂತೆ 48 ಅಂಕ ಬೇಕು. ಕೊನೆಗೆ ಇಬ್ಬರ ಹಾಳೆಯೂ ಅಕ್ಷರಶಃ ಒಂದೇ. ಆಡಲು ಸೇರುವ ಪ್ರತಿ ಕೂಟಕ್ಕೆ ಮೂರು ಅಂಕ ಸಿಗುವ ನಮ್ಮ ಆಟದಲ್ಲಿ ಒಬ್ಬರು ಆರು ಕೂಟಗಳಲ್ಲಿ ಅಲ್ಲಿಗೆ ತಲುಪಿದರೆ, ಇನ್ನೊಬ್ಬರಿಗೆ ಹದಿನಾರು ಕೂಟ ಹಿಡಿಯುತ್ತದೆ. ಎಲ್ಲ ಕೆಲಸಕ್ಕೂ ಒದಗುವ ಪಾತ್ರ ಬೇಕೆಂದು ಪ್ರೀತಿಯಿಂದ ಹಾಳೆ ತುಂಬಿದವರಿಗೆ ನಮ್ಮ ನಿಯಮ ಹತ್ತು ಕೂಟಗಳ ದಂಡ ಹಾಕುತ್ತಿತ್ತು. ಈ ಲೆಕ್ಕವನ್ನು ಮೊದಲೇ ಮಾಡದಿದ್ದದ್ದು ನಮ್ಮ ತಪ್ಪು. ಅದಕ್ಕಾಗಿ ಮನಃಪೂರ್ವಕ ಕ್ಷಮೆ ಕೋರುತ್ತೇವೆ.

ಈ ಎರಡು ಬೆಲೆಗಳ ಪದ್ಧತಿ ನಾವೇ ಹುಟ್ಟಿಸಿದ್ದಲ್ಲ. 1991ರ ವ್ಯಾಂಪೈರ್: ದ ಮಾಸ್ಕರೇಡ್ ಆಟದಲ್ಲಿಯೂ ಆರಂಭದ ಅಂಕಗಳಿಗೆ ತಲಾ ಒಂದು ಚುಕ್ಕೆ (ಅಂದರೆ ಒಂದು ಮಟ್ಟ), ಅನುಭವದ ಅಂಕಗಳಿಗೆ ಮಟ್ಟಕ್ಕೆ ತಕ್ಕಂತೆ ಏರುವ ಬೆಲೆ ಎಂಬ ಏರ್ಪಾಡಿತ್ತು. ಅದರ ಹಿಂದೆ ಒಳ್ಳೆಯ ಉದ್ದೇಶವೇ ಇದೆ: ಹೊಸದಾಗಿ ಬಂದವರು ಗುಣಾಕಾರ ಮಾಡದೆ, ಚುಕ್ಕೆ ಎಣಿಸಿಯೇ ಪಾತ್ರ ಕಟ್ಟಬಹುದು. 1986ರ ಗರ್ಪ್ಸ್ ಆಟ ಇನ್ನೊಂದು ದಾರಿ ಹಿಡಿದು, ಕೌಶಲಗಳಿಗೆ ಮೊದಲೂ ಆಮೇಲೂ ಒಂದೇ ಪಟ್ಟಿಯನ್ನು ಇಟ್ಟಿತು. ನಾವು ಸರಳತೆಯನ್ನು ಆರಿಸಿಕೊಂಡಿದ್ದೆವು. ಆ ಸರಳತೆಯ ಬೆಲೆಯನ್ನು ಒಂದೇ ಬಗೆಯ ಆಟಗಾರರು ತೆರುತ್ತಾರೆಂಬುದು ನಮಗೆ ಕಂಡಿರಲಿಲ್ಲ.

ಹಾಗಾದರೆ ಎರಡು ಕಡೆಯೂ ಮಟ್ಟಕ್ಕೆ ಒಂದೇ ಅಂಕ ಎಂದು ಮಾಡಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರನೆಯ ಆವೃತ್ತಿ ಹೆಚ್ಚುಕಡಿಮೆ ಹಾಗೆಯೇ ಮಾಡಿತು: ಪಾತ್ರದ ವರ್ಗಕ್ಕೆ (ಯೋಧ, ಮಾಂತ್ರಿಕ ಎಂಬಂಥದ್ದು) ಸೇರಿದ ಕೌಶಲಕ್ಕೆ ಒಂದು ಅಂಕ, ಹೊರಗಿನದಕ್ಕೆ ಎರಡು. ಆದರೆ ಅಲ್ಲಿ ಪಾತ್ರದ ಲೆವೆಲ್‌ಗೆ, ಅಂದರೆ ಅದರ ಒಟ್ಟಾರೆ ಬೆಳವಣಿಗೆಯ ಹಂತಕ್ಕೆ, ಮೂರು ಕೂಡಿಸಿದಷ್ಟಕ್ಕಿಂತ ಮೇಲೆ ಯಾವ ಕೌಶಲವೂ ಏರುವಂತಿರಲಿಲ್ಲ. ಏರುವ ಬೆಲೆ ಮಾಡಬೇಕಾದ ಕೆಲಸವನ್ನು ಆ ಮಿತಿ ಮಾಡುತ್ತಿತ್ತು. ನಮ್ಮ ಆಟದಲ್ಲಿ ಲೆವೆಲ್ ಎಂಬುದೇ ಇಲ್ಲದಿರುವುದರಿಂದ ಅಂಥ ಮಿತಿಯನ್ನು ಕಟ್ಟಲು ಗೂಟವೇ ಇಲ್ಲ. ಅಂಕಗಳನ್ನೇ ಬಿಟ್ಟು, 1978ರ ರೂನ್‌ಕ್ವೆಸ್ಟ್‌ನಂತೆ ಬಳಸಿದ ಕೌಶಲದ ಪಕ್ಕ ಹಾಳೆಯಲ್ಲಿ ಗುರುತು ಬಿದ್ದು, ಅದೇ ಮುಂದೆ ಬೆಳೆಯುವ ಕ್ರಮವನ್ನೂ ಯೋಚಿಸಿದೆವು. ಅದು ಸುಂದರವಾದ ಕಲ್ಪನೆ. ಆದರೆ ಅಂಥ ಕ್ರಮದಲ್ಲಿ, ಕಥೆಗೆ ಬೇಕಿಲ್ಲದಿದ್ದರೂ ಗುರುತು ಬೀಳಲೆಂದೇ ಆಟಗಾರರು ಒಂದೊಂದಾಗಿ ಎಲ್ಲ ಕೌಶಲಗಳನ್ನೂ ಬಳಸಿ ನೋಡತೊಡಗುತ್ತಾರೆ.

ಏರುವ ಬೆಲೆಯೇ ಸರಿ ಎಂದು ನಮ್ಮನ್ನು ಒಪ್ಪಿಸಿದ್ದು ದಾಳಗಳು. ಎರಡು ದಾಳ ಉರುಳಿಸಿ, ಕೌಶಲದ ಮಟ್ಟವನ್ನು ಕೂಡಿಸಿ, ಗುರಿಯ ಸಂಖ್ಯೆಯನ್ನು ಮುಟ್ಟಬೇಕು ಎಂಬುದು ನಮ್ಮ ಮೂಲ ನಿಯಮ. ಗುರಿ 10 ಆಗಿದ್ದರೆ, ನಾಲ್ಕನೆಯ ಮಟ್ಟದವರು 36ರಲ್ಲಿ 26 ಸಲ, ಐದನೆಯ ಮಟ್ಟದವರು 30 ಸಲ ಗೆಲ್ಲುತ್ತಾರೆ. ಬರೀ ನಾಲ್ಕು ಸಲದ ಹೆಚ್ಚಳಕ್ಕೆ ಐದು ಅಂಕ ದುಬಾರಿಯೆನಿಸುವುದು ಸಹಜ. ಆದರೆ ಗುರಿ 12 ಆದಾಗ ಚಿತ್ರ ಬದಲಾಗುತ್ತದೆ. ಕೌಶಲವೇ ಇಲ್ಲದವರಿಗೆ 36ರಲ್ಲಿ ಒಂದೇ ಅವಕಾಶ. ಅಲ್ಲಿಂದ ಮೇಲಕ್ಕೆ ಒಂದೊಂದು ಮಟ್ಟವೂ ಕ್ರಮವಾಗಿ ಎರಡು, ಮೂರು, ನಾಲ್ಕು, ಐದು, ಆರು ಅವಕಾಶಗಳನ್ನು ಸೇರಿಸುತ್ತದೆ. ಅಂದರೆ ಕಷ್ಟದ ಕೆಲಸದಲ್ಲಿ ಕೊನೆಯ ಮಟ್ಟದ ಲಾಭವೇ ಎಲ್ಲಕ್ಕಿಂತ ದೊಡ್ಡದು. ಮೇಲಾಗಿ, ಬೀಗ ಬಿಡಿಸಬೇಕಾದಾಗ ತಂಡದಲ್ಲಿ ಯಾರ ಮಟ್ಟ ಎಲ್ಲಕ್ಕಿಂತ ಹೆಚ್ಚೋ ಅವರೇ ದಾಳ ಹಿಡಿಯುತ್ತಾರೆ. ಎರಡನೆಯ ಮಟ್ಟದವರು ಪಕ್ಕದಲ್ಲಿ ಕೂತು ನೋಡುತ್ತಾರೆ. ದಾಳದ ಲೆಕ್ಕದಲ್ಲಿ ಕಾಣದ ಈ ಅನುಕೂಲವೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ತೂಕದ್ದು. ಪರಿಣತಿಗೆ ಹೆಚ್ಚು ಬೆಲೆ ಕೇಳುವುದು ನ್ಯಾಯ, ಆದರೆ ಅದನ್ನು ಮೊದಲ ದಿನದಿಂದಲೇ ಕೇಳಬೇಕು.

ಹೊಸ ಕ್ರಮದಲ್ಲಿ ಪಾತ್ರ ಕಟ್ಟುವಾಗ 45 ಅಂಕಗಳಿರುತ್ತವೆ. ಒಂದು ಕೌಶಲವನ್ನು ಒಂದರಿಂದ ಐದರವರೆಗಿನ ಮಟ್ಟಗಳಿಗೆ ಒಯ್ಯಲು ತಗಲುವ ಒಟ್ಟು ಅಂಕ ಕ್ರಮವಾಗಿ 1, 3, 6, 10 ಮತ್ತು 15. ಕೂಡಿಸುವ ಕಷ್ಟ ತಪ್ಪಿಸಲು ಈ ಒಟ್ಟು ಬೆಲೆಯನ್ನು ಹಾಳೆಯ ಪ್ರತಿ ಚೌಕದ ಕೆಳಗೇ ಮುದ್ರಿಸುತ್ತೇವೆ. ಮೂರು ಕೌಶಲಗಳನ್ನು ತುದಿಗೆ ಒಯ್ಯಲು ಬಯಸುವವರಿಗೆ ಈಗಲೂ ದಾರಿ ತೆರೆದಿದೆ. ಎಲ್ಲ ಅಂಕಗಳೂ ಅಲ್ಲಿಗೆ ಮುಗಿಯುತ್ತವೆ ಅಷ್ಟೆ.

ಈಗ ಆಟದಲ್ಲಿರುವ ಯಾವ ಪಾತ್ರದ ಯಾವ ಕೌಶಲವನ್ನೂ ಇಳಿಸಬೇಕಾಗಿಲ್ಲ. ನಿಮ್ಮ ಹಾಳೆಯ ಒಟ್ಟು ಬೆಲೆಯನ್ನು ಹೊಸ ಪಟ್ಟಿಯಂತೆ ಕೂಡಿ, 45ಕ್ಕೆ ಇದುವರೆಗೆ ಕೌಶಲಗಳಿಗೆ ಖರ್ಚು ಮಾಡಿದ ಅನುಭವದ ಅಂಕಗಳನ್ನು ಸೇರಿಸಿ, ಎರಡನ್ನೂ ಹೋಲಿಸಿ ನೋಡಿ. ಒಟ್ಟು ಬೆಲೆ ಕಡಿಮೆ ಬಂದರೆ ವ್ಯತ್ಯಾಸದಷ್ಟು ಅಂಕ ಕೂಡಲೇ ನಿಮ್ಮ ಕೈಗೆ ಸಿಗುತ್ತದೆ. ಮೇಲೆ ಹೇಳಿದ ಎರಡನೆಯ ಆಟಗಾರರಿಗೆ ಹೀಗೆ 15 ಅಂಕ ಬರುತ್ತದೆ. ಹೆಚ್ಚು ಬಂದರೆ ಅದು ಹಾಗೆಯೇ ಇರಲಿ. ಮೊದಲ ಆಟಗಾರರು ಆಗಲೂ 15 ಅಂಕ ಮುಂದಿರುತ್ತಾರೆಂಬುದು ನಿಜ, ಆದರೆ ತಿಂಗಳುಗಟ್ಟಲೆ ಜೊತೆಗಿದ್ದ ಪಾತ್ರದಿಂದ ಏನನ್ನಾದರೂ ಕಿತ್ತುಕೊಳ್ಳುವುದಕ್ಕಿಂತ ಇದು ಮೇಲೆಂದು ನಮಗನಿಸಿತು. ಆ ಅಂತರವನ್ನೂ ಮುಚ್ಚಬೇಕೆಂದು ತಂಡದವರೆಲ್ಲ ಬಯಸಿದರೆ, ಆಟ ನಡೆಸುವ ಗೇಮ್ ಮಾಸ್ಟರ್ ಉಳಿದವರಿಗೆ ಹೆಚ್ಚುವರಿ ಅಂಕ ಕೊಡಬಹುದು.

ಹಳೆಯ ಪುಸ್ತಕ ನಿಮ್ಮಲ್ಲಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಬದಲಾದ ಎರಡು ಪುಟಗಳನ್ನೂ ಹೊಸ ಹಾಳೆಯ ಮಾದರಿಯನ್ನೂ ಪ್ರತಿಯೊಬ್ಬ ಗ್ರಾಹಕರಿಗೆ ಉಚಿತವಾಗಿ ಕಳುಹಿಸುತ್ತೇವೆ. ಪರಿವರ್ತನೆಯ ಲೆಕ್ಕದಲ್ಲಿ ಎಲ್ಲಾದರೂ ತೊಡಕಾದರೆ ಹಾಳೆಯ ಪ್ರತಿಯೊಂದನ್ನು ನಮಗೆ ಕಳುಹಿಸಿ. ನಾವೇ ಕೂಡಿ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಿಯಮ ಪುಸ್ತಕದ ಸಂಪಾದಕ ಬಳಗ